ಕರುಳಿನ ಸಕ್ಕರೆ ಹೀರಿಕೆ: ಸಂಶೋಧನೆಯ ಇತಿಹಾಸ

ಆಹಾರದಲ್ಲಿನ ಪಿಷ್ಟ ಮತ್ತು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಗ್ಲುಕೋಸ್, ಗ್ಯಾಲಕ್ಟೋಸ್, ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆದು, ಒಳಪದರದ ಕೋಶಗಳ ಮೂಲಕ ರಕ್ತವನ್ನು ಸೇರುವ ಕ್ರಿಯೆಯೇ ಸಕ್ಕರೆ ಹೀರಿಕೆ. ಇದರ ಸಾಮರ್ಥ್ಯ ಪ್ರಾಣಿಯ ವಯಸ್ಸು, ಆಹಾರ ಮತ್ತು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಈ ತಿಳಿವಳಿಕೆ ಬಹುಮಟ್ಟಿಗೆ 20ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು.

ವಾಹಕಗಳ ಶೋಧ

1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ವಿಚಾರಸಂಕಿರಣವೊಂದರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್, ಗ್ಲುಕೋಸ್ ಸೋಡಿಯಂನ ಜೊತೆಗೂಡಿ ಕೋಶವನ್ನು ಹೊಗುತ್ತದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಕೋಶವು ಶಕ್ತಿ ವ್ಯಯಿಸಿ ಸೋಡಿಯಂ ಅನ್ನು ಸದಾ ಹೊರದೂಡುತ್ತಿರುತ್ತದೆ. ಅದು ಮತ್ತೆ ಒಳನುಗ್ಗುವಾಗ ಗ್ಲುಕೋಸ್ ಅನ್ನೂ ಸೆಳೆದುಕೊಂಡು ಬರುತ್ತದೆ. ಅತಿಸಾರಕ್ಕೆ ಕೊಡುವ ಉಪ್ಪು-ಸಕ್ಕರೆ ದ್ರಾವಣ (ಒಆರ್‌ಎಸ್) ಕೆಲಸ ಮಾಡುವುದು ಈ ಜೋಡಿ ಸಾಗಣೆಯಿಂದಲೇ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳಲ್ಲಿ ಅದರ ಫಲವನ್ನು ತೋರಿಸಿದರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು.

ಈ ಸಾಗಣೆ ನಡೆಸುವ ಪ್ರೋಟೀನಿನ ಜೀನ್ 1987ರಲ್ಲಿ ಕ್ಯಾಲಿಫೋರ್ನಿಯದ ಅರ್ನೆಸ್ಟ್ ರೈಟ್ ಅವರ ತಂಡಕ್ಕೆ ಮೊಲದ ಕರುಳಿನಿಂದ ದೊರೆಯಿತು. ಎಸ್‌ಜಿಎಲ್‌ಟಿ1 ಎಂಬ ಈ ವಾಹಕವು ಒಂದು ಗ್ಲುಕೋಸ್ ಅಥವಾ ಗ್ಯಾಲಕ್ಟೋಸ್ ಅಣುವಿನೊಡನೆ ಎರಡು ಸೋಡಿಯಂ ಅಯಾನುಗಳನ್ನು ಒಯ್ಯುತ್ತದೆ. ಫ್ರಕ್ಟೋಸ್‌ಗೆ ಜಿಎಲ್‌ಯುಟಿ5 ಎಂಬ ಬೇರೆಯೇ ವಾಹಕವಿದೆ. ಎಸ್‌ಜಿಎಲ್‌ಟಿ1ರ ಜೀನ್ ಕೆಟ್ಟ ಶಿಶುಗಳಿಗೆ ಎದೆಹಾಲು ಕುಡಿದರೂ ತೀವ್ರ ಭೇದಿಯಾಗುತ್ತದೆ. ಜೀನ್ ದೋಷವೇ ಇದಕ್ಕೆ ಕಾರಣವೆಂದು 1991ರಲ್ಲಿ ಖಚಿತವಾಯಿತು.

ಬೆಳವಣಿಗೆಯ ಹಂತಗಳು

ಮೊಲೆಯುಣ್ಣುವ ಇಲಿಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಹೇರಳವಾಗಿದ್ದು, ಸುಕ್ರೋಸ್ ಒಡೆಯುವ ಸುಕ್ರೇಸ್ ಇಲ್ಲವೆನ್ನುವಷ್ಟು ಕಡಿಮೆ. ಮೂರನೆಯ ವಾರ, ಮರಿ ಹಾಲು ಬಿಡುವ ಹೊತ್ತಿಗೆ, ಲ್ಯಾಕ್ಟೇಸ್ ಇಳಿದು ಸುಕ್ರೇಸ್ ಏರುತ್ತದೆ. 1960ರ ದಶಕದ ಆದಿಯಲ್ಲಿ ರೂತ್ ಡೋಲ್ ಮತ್ತು ನಾರ್ಮನ್ ಕ್ರೆಚ್ಮರ್ ಹೈಡ್ರೋಕಾರ್ಟಿಸೋನ್ ಚುಚ್ಚಿದರೆ ಸುಕ್ರೇಸ್ ಅವಧಿಗೆ ಮುನ್ನವೇ ಕಾಣಿಸಿಕೊಳ್ಳುತ್ತದೆಂದು ತೋರಿಸಿದರು. ಆದರೆ ಹಾರ್ಮೋನು ಈ ಬದಲಾವಣೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ಅದರ ಮೂಲ ಕಾರಣವಲ್ಲ. ಭ್ರೂಣದ ಕರುಳಿನ ತುಂಡನ್ನು ಬೇರೊಂದು ಪ್ರಾಣಿಯ ಚರ್ಮದಡಿ ನೆಟ್ಟಾಗ, ಆಹಾರದ ಸೋಂಕಿಲ್ಲದೆಯೂ ಅದು ಬದಲಾಗುತ್ತದೆ. ಬ್ಲಿಂಪ್1 ಎಂಬ ಪ್ರೋಟೀನು ಇಲಿಮರಿಗಳಲ್ಲಿ ಪ್ರೌಢ ಕರುಳಿನ ಜೀನುಗಳನ್ನು ತಡೆಹಿಡಿದಿರುತ್ತದೆ ಎಂದು 2011ರಲ್ಲಿ ತಿಳಿಯಿತು. ಮನುಷ್ಯರಲ್ಲಾದರೋ ಸುಕ್ರೇಸ್ ಹುಟ್ಟುವ ಮೊದಲೇ ಸಿದ್ಧವಾಗಿರುತ್ತದೆ.

ಕುರಿಮರಿಯಲ್ಲಿ ಬದಲಾವಣೆ ಇನ್ನೊಂದು ಬಗೆಯದು. ಮೆಲುಕು ಹಾಕುವ ಹೊಟ್ಟೆ ಬೆಳೆದಂತೆ ಸಕ್ಕರೆ ಅಲ್ಲಿಯೇ ಹುದುಗುವಿಕೆಗೆ ಒಳಗಾಗಿ ಸಣ್ಣ ಕರುಳನ್ನು ತಲುಪುವುದಿಲ್ಲ. ಎಸ್‌ಜಿಎಲ್‌ಟಿ1 ಬಹುತೇಕ ಮಾಯವಾಗುತ್ತದೆ. ಸೊರಾಯಾ ಶಿರಾಜಿ-ಬೀಚಿ ಅವರ ತಂಡವು ಗ್ಲುಕೋಸ್ ಅನ್ನು ನೇರವಾಗಿ ಕರುಳಿಗೆ ಹಾಯಿಸಿ ವಾಹಕವನ್ನು ಮರಳಿ ಪಡೆಯಿತು. ನಾಲಗೆಯಲ್ಲಿರುವ ಸಿಹಿಗ್ರಾಹಕವೇ ಕರುಳಿನಲ್ಲೂ ಇದ್ದು ವಾಹಕವನ್ನು ಹೆಚ್ಚಿಸುವ ಸೂಚನೆ ಕೊಡುತ್ತದೆಂದು 2007ರಲ್ಲಿ ವರದಿಯಾಯಿತು.

ಮಾನವರಲ್ಲಿ ಬಹುಪಾಲು ಜನರಿಗೆ ಬಾಲ್ಯದ ನಂತರ ಲ್ಯಾಕ್ಟೇಸ್ ಕುಗ್ಗುತ್ತದೆ. ಅದು ಉಳಿಯುವವರಲ್ಲಿನ ಜೀನ್ ವ್ಯತ್ಯಾಸವೊಂದನ್ನು 2002ರಲ್ಲಿ ಫಿನ್ಲೆಂಡಿನ ತಂಡ ಗುರುತಿಸಿತು. ಇದೇ ವ್ಯತ್ಯಾಸ ಭಾರತದಲ್ಲೂ ಇದೆ. ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವದಲ್ಲಿ ಕಡಿಮೆ.

ದಿನದ ಲಯ

1970ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಇಲಿಯ ಕರುಳಿನಲ್ಲಿ ಸಕ್ಕರೆ ಒಡೆಯುವ ಕಿಣ್ವಗಳೂ ಗ್ಲುಕೋಸ್ ಹೀರಿಕೆಯೂ ದಿನದಲ್ಲಿ ಒಮ್ಮೆ ಏರಿ ಒಮ್ಮೆ ಇಳಿಯುವುದನ್ನು ಗಮನಿಸಿದವು. ಇಲಿ ರಾತ್ರಿ ತಿನ್ನುವ ಪ್ರಾಣಿ. ಆದರೆ ಏರಿಕೆ ಕತ್ತಲಾಗುವ ಮೊದಲೇ ಆರಂಭವಾಗುತ್ತದೆ. ಆಹಾರವನ್ನು ಹಗಲಿನಲ್ಲಷ್ಟೇ ಕೊಟ್ಟರೆ ಕೆಲವೇ ದಿನಗಳಲ್ಲಿ ಲಯವೂ ಹಗಲಿಗೆ ಹೊರಳುತ್ತದೆ. ಅಂದರೆ ಕರುಳಿಗೆ ಬೆಳಕು-ಕತ್ತಲೆಗಿಂತ ಊಟದ ಹೊತ್ತು ಮುಖ್ಯ. 1990ರ ದಶಕದ ಕೊನೆಯಲ್ಲಿ ಎಸ್‌ಜಿಎಲ್‌ಟಿ1ರ ಜೀನ್ ಚಟುವಟಿಕೆಯಲ್ಲೂ ಇದೇ ಲಯ ಕಂಡಿತು. ದೇಹದ ದೈನಿಕ ಲಯವನ್ನು ನಡೆಸುವ ಗಡಿಯಾರ ಜೀನುಗಳಲ್ಲೊಂದಾದ ಕ್ಲಾಕ್ ಕೆಟ್ಟ ಇಲಿಗಳಲ್ಲಿ ಈ ಏರಿಳಿತ ಅಳಿಸಿಹೋಗುತ್ತದೆಂದು 2009ರಲ್ಲಿ ಪ್ರಕಟವಾಯಿತು.

ಲಯದ ಕುರಿತ ಈ ಅರಿವಿನ ಬಹುಪಾಲು ಇಲಿಗಳಿಂದ ಬಂದದ್ದು. ಮನುಷ್ಯರಲ್ಲಿ ಸಂಜೆಯ ಊಟದ ಬಳಿಕ ರಕ್ತದ ಸಕ್ಕರೆ ಬೆಳಗಿಗಿಂತ ಹೆಚ್ಚು ಏರುವುದಕ್ಕೆ ಇನ್ಸುಲಿನ್ ಸ್ರಾವದ ಮತ್ತು ಅದರ ಪರಿಣಾಮದ ದೈನಿಕ ಲಯವೂ ಕಾರಣ. ಹಾಗಾಗಿ ಇಲಿಗಳ ಕರುಳಿನ ಫಲಿತಾಂಶಗಳನ್ನು ಮನುಷ್ಯರ ಊಟದ ವೇಳೆಗೆ ನೇರವಾಗಿ ಅನ್ವಯಿಸಲಾಗದು.