ಹೆಸರಿಡಿ ಎಂದು ಊರನ್ನೇ ಕೇಳಿದಾಗ

2016ರ ಮಾರ್ಚ್‌ನಲ್ಲಿ ಬ್ರಿಟನ್ನಿನ ನೈಸರ್ಗಿಕ ಪರಿಸರ ಸಂಶೋಧನಾ ಮಂಡಳಿ ತನ್ನ ಹೊಸ ಧ್ರುವ ಸಂಶೋಧನಾ ಹಡಗಿಗೆ ಹೆಸರು ಸೂಚಿಸಿ ಎಂದು ಅಂತರ್ಜಾಲದಲ್ಲಿ ಜನರನ್ನು ಕೇಳಿತು. ಇಪ್ಪತ್ತು ಕೋಟಿ ಪೌಂಡಿನ ಹಡಗು; ಹೆಸರೂ ಅಷ್ಟೇ ತೂಕದ್ದಾಗಿರಲಿ ಎಂಬುದು ಮಂಡಳಿಯ ಆಸೆ. ಮಾಜಿ ರೇಡಿಯೋ ನಿರೂಪಕರೊಬ್ಬರು ತಮಾಷೆಗೆ ‘ಬೋಟಿ ಮೆಕ್‌ಬೋಟ್‌ಫೇಸ್’ ಎಂದು ಬರೆದು ಕಳಿಸಿದರು. ನಮ್ಮಲ್ಲಿ ‘ದೋಣಪ್ಪ ದೋಣಿಮೋರೆ’ ಎಂದ ಹಾಗೆ. ಅದಕ್ಕೆ 1,24,109 ಮತ ಬಿದ್ದವು. ಉಳಿದ ಯಾವ ಹೆಸರೂ ಅದರ ಹತ್ತಿರ ಸುಳಿಯಲಿಲ್ಲ. ಮೇ ತಿಂಗಳಲ್ಲಿ ಸರ್ಕಾರ ಹಡಗಿಗೆ ಸರ್ ಡೇವಿಡ್ ಅಟೆನ್‌ಬರೊ ಅವರ ಹೆಸರಿಟ್ಟಿತು. ಗೆದ್ದ ಹೆಸರು, ಮನುಷ್ಯರಿಲ್ಲದೆ ಚಲಿಸುವ ಪುಟ್ಟದೊಂದು ಜಲಾಂತರ್ಗಾಮಿಯ ಪಾಲಾಯಿತು.

‘ಜನರನ್ನು ಕೇಳಿದರೆ ಹೀಗೇ ಆಗುವುದು’ ಎಂದು ಈ ಕತೆಯನ್ನು ಹೇಳಿ ನಗುವವರುಂಟು. ಆದರೆ ಕೊನೆಯ ತೀರ್ಮಾನ ಮಂಡಳಿಯದೇ ಎಂಬುದು ಮೊದಲೇ ಗೊತ್ತಿತ್ತು. ತೂಕವಿಲ್ಲದ ಮತವನ್ನು ಕೈಗೆ ಕೊಟ್ಟಾಗ ಜನ ತೂಕವಿಲ್ಲದ ಉತ್ತರ ಕೊಟ್ಟರೆ ಅದನ್ನು ಬರೀ ದಡ್ಡತನ ಎನ್ನಲಾಗದು.

ಹಾಗೆಂದು ಮತ ಎಣಿಸಿ ಒಪ್ಪಿಬಿಟ್ಟರೆ ನ್ಯಾಯವಾಯಿತೇ? 2012ರಲ್ಲಿ ಸ್ಲೊವಾಕಿಯಾದ ಬ್ರಾಟಿಸ್ಲಾವ ಬಳಿ ಮೊರಾವಾ ನದಿಯ ಮೇಲೆ ಸೈಕಲ್ ಸವಾರರಿಗೆಂದು ಸೇತುವೆ ಕಟ್ಟಿದರು. ಹೆಸರಿಗಾಗಿ ನಡೆದ ಅಂತರ್ಜಾಲ ಮತದಾನದಲ್ಲಿ ಅಮೆರಿಕದ ಹೊಡೆದಾಟದ ಸಿನಿಮಾಗಳ ನಟ ಚಕ್ ನಾರಿಸ್ ಮೊದಲ ಸ್ಥಾನದಲ್ಲಿದ್ದ. ಅದೇ ನದಿ ಶೀತಲ ಸಮರದ ಕಾಲದಲ್ಲಿ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾಕ್ಕೂ ಆಸ್ಟ್ರಿಯಾಕ್ಕೂ ಗಡಿಯಾಗಿತ್ತು; ಅದನ್ನು ದಾಟಿ ತಪ್ಪಿಸಿಕೊಳ್ಳಲು ಹೋದವರು ಪ್ರಾಣ ಕಳೆದುಕೊಂಡಿದ್ದರು. ಪ್ರಾಂತೀಯ ಸಭೆ ಮತಗಳನ್ನು ಬದಿಗಿಟ್ಟು ‘ಸ್ವಾತಂತ್ರ್ಯದ ಸೈಕಲ್ ಸೇತುವೆ’ ಎಂದು ಹೆಸರಿಟ್ಟಿತು. ಇಲ್ಲಿ ಅಧಿಕಾರಸ್ಥರು ಮಾಡಿದ್ದೇ ಸರಿ ಎನಿಸುತ್ತದೆ. ಸತ್ತವರಿಗೆ ಮತ ಹಾಕಲು ಬರುವುದಿಲ್ಲವಲ್ಲ.

ತಮಾಷೆ ಯಾವಾಗಲೂ ಕೆಳಗಿನಿಂದಲೇ ಬರಬೇಕೆಂದೂ ಇಲ್ಲ. 2017ರಲ್ಲಿ ಸಿಡ್ನಿಯ ಹೊಸ ದೋಣಿಯೊಂದಕ್ಕೆ ‘ಫೆರಿ ಮೆಕ್‌ಫೆರಿಫೇಸ್’ ಎಂಬ ಹೆಸರು ಬಂತು. ಜನರ ಆಯ್ಕೆ ಎಂದೇ ಎಲ್ಲರೂ ನಂಬಿದರು. ಆ ಹೆಸರಿಗೆ ಬಿದ್ದದ್ದು ಬರೀ 182 ಮತ, ಅದನ್ನು ಆರಿಸಿದ್ದು ಸಚಿವರು ಎಂದು ಆಮೇಲೆ ದಾಖಲೆಗಳಿಂದ ಹೊರಬಿತ್ತು. ಕೊನೆಗೆ ಆ ದೋಣಿಗೆ ಮಕ್ಕಳ ಸಾಹಿತಿ ಮೇ ಗಿಬ್ಸ್ ಹೆಸರಿಟ್ಟರು.

ನಮ್ಮ ದೇಶದಲ್ಲಿ ಇಂಥ ಮುಜುಗರಕ್ಕೆ ಆಸ್ಪದ ಕಡಿಮೆ. 2022ರಲ್ಲಿ ಆಫ್ರಿಕಾದಿಂದ ತಂದ ಚೀತಾಗಳಿಗೆ ಹೆಸರು ಸೂಚಿಸಲು ಪ್ರಧಾನಿಯವರು ಜನರನ್ನು ಕೇಳಿದಾಗ ಹನ್ನೊಂದು ಸಾವಿರಕ್ಕೂ ಹೆಚ್ಚು ಸಲಹೆಗಳು ಬಂದವು. ಅವುಗಳಲ್ಲಿ ಆರಿಸಿ ಪವನ್, ಜ್ವಾಲಾ ಮುಂತಾದ ಹೆಸರುಗಳನ್ನು ಪ್ರಕಟಿಸಿದರು. ರಸ್ತೆ, ನಿಲ್ದಾಣ, ಊರುಗಳ ವಿಷಯದಲ್ಲಂತೂ ಕೇಳುವ ಪದ್ಧತಿಯೇ ವಿರಳ. ಆದೇಶ ಬರುತ್ತದೆ, ಫಲಕ ಬದಲಾಗುತ್ತದೆ.

ಜನ ಆಗ ನಾಲಿಗೆಯಲ್ಲೇ ಮತ ಹಾಕುತ್ತಾರೆ. ಬೆಂಗಳೂರಿನಲ್ಲಿ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಎದುರಿನ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಇಬ್ಬರ ಮೇಲೂ ಗೌರವವಿದ್ದವರೇ ಕಂಡಕ್ಟರ್ ಹತ್ತಿರ ಕೇಳುವುದು ಮಾತ್ರ ‘ಒಂದ್ ಮೆಜೆಸ್ಟಿಕ್ ಕೊಡಿ’ ಎಂದು. ಹಳೆಯ ಚಿತ್ರಮಂದಿರವೊಂದರ ಹೆಸರು ಯಾವ ಆದೇಶವೂ ಇಲ್ಲದೆ ಒಂದಿಡೀ ಪ್ರದೇಶದ ಹೆಸರಾಗಿ ಉಳಿದಿದೆ.

ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪವನ್ನು ನೋಡಿ. 1997ರವರೆಗೆ ಅದು ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಈಚಿನವರೆಗೆ ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದೆ. ಜಿಲ್ಲೆ, ತಾಲ್ಲೂಕು ಬದಲಾದರೂ ಊರಿನ ಹೆಸರು ಅಲುಗಲಿಲ್ಲ. ಅದೇ ನೆಲ ಬಂಜಾರರ ಬಾಯಲ್ಲಿ ಭಾಯಾಗಡ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಜಾಗವೆಂದು ನಂಬಿ, ಪ್ರತಿ ಫೆಬ್ರವರಿಯಲ್ಲಿ ಹೊರ ರಾಜ್ಯಗಳಿಂದಲೂ ಭಕ್ತರು ಅಲ್ಲಿಗೆ ಬರುತ್ತಾರೆ. ಕಂದಾಯ ದಾಖಲೆಯ ಹೆಸರು ಒಂದು, ಹರಕೆ ಹೊತ್ತವರ ಹೆಸರು ಇನ್ನೊಂದು, ಎರಡಕ್ಕೂ ಜಗಳವಿಲ್ಲ.

ಎಲ್ಲ ತಾಂಡಾಗಳಿಗೂ ಹೀಗೆ ಎರಡು ಹೆಸರಿನ ಸಲುಗೆ ಸಿಗುವುದಿಲ್ಲ. ಕರ್ನಾಟಕದಲ್ಲಿ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ತಾಂಡಾವನ್ನು ಅದರ ನಾಯಕನ ಹೆಸರಿನಿಂದ ಕರೆಯುವುದು ಹಳೆಯ ರೂಢಿ. ಕಂದಾಯ ಗ್ರಾಮವಾಗುವಾಗ ದಾಖಲೆಗೆ ಯಾವ ಹೆಸರು ಹತ್ತುತ್ತದೋ ಅದೇ ಮುಂದೆ ಪಡಿತರ ಚೀಟಿಯಲ್ಲಿ, ಶಾಲೆಯ ವರ್ಗಾವಣೆ ಪತ್ರದಲ್ಲಿ, ಪಹಣಿಯಲ್ಲಿ ಬರುತ್ತದೆ. ಹಡಗಿಗೆ ಮತ ಹಾಕಿದ ಲಕ್ಷ ಮಂದಿಯಲ್ಲಿ ಬಹುತೇಕರು ಆ ಹಡಗನ್ನು ಹತ್ತುವವರಲ್ಲ. ತಾಂಡಾದವರಾದರೋ ಆ ಹೆಸರಿನೊಳಗೇ ಬದುಕಬೇಕು.

ಮಗುವಿನ ಕಿವಿಯಲ್ಲಿ ಹೆಸರು ಹೇಳಲು ನಮ್ಮ ಮನೆಗಳಲ್ಲಿ ಸೋದರತ್ತೆಯನ್ನು ಕರೆಯುತ್ತಾರೆ, ಬೀದಿಯಲ್ಲಿ ಹೋಗುವವರನ್ನಲ್ಲ. ಊರಿನ ಹೆಸರಿಗೂ ಅಂಥದೊಂದು ಬಾಧ್ಯತೆ ಬೇಕು. ಅದಕ್ಕೆ ಜಾಲತಾಣದ ಮತಪೆಟ್ಟಿಗೆ ಬೇಕಾಗಿಲ್ಲ. ತಾಂಡಾದ ಹಿರಿಯರೂ ಹೆಣ್ಣುಮಕ್ಕಳೂ ಕೂತ ಗ್ರಾಮಸಭೆಯಲ್ಲಿ ಕೇಳಿ, ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಂಡರೆ ಸಾಕು. ಬರೆದುಕೊಳ್ಳುವ ಮನಸ್ಸಿಲ್ಲದಿದ್ದರೆ ಕೇಳದಿರುವುದೇ ಮೇಲು.