ಅಪ್ಪನಿಗೆ ಭಾರತ ರತ್ನ, ಮಗನಿಗೆ ದಂಡ: ಪುಣೆಯ ಕರ್ವೆ ಮನೆಯ ಕಥೆ

ಹೆಣ್ಣುಮಕ್ಕಳ ಪರವಾಗಿ ಒಬ್ಬ ಹುಡುಗ ಎರಡು ಸಾಲು ಪೋಸ್ಟ್ ಹಾಕಿದ್ರೆ ಕೆಳಗೆ ಏನೇನು ಕಾಮೆಂಟ್ ಬರುತ್ತೆ ಅಂತ ನಿಮಗೆ ಗೊತ್ತು. 'ಸಿಂಪ್' ಅಂತಾರೆ, 'ಬಳೆ ತೊಟ್ಕೋ' ಅಂತಾರೆ. ಇದೇನು ಇಂಟರ್ನೆಟ್ ಕಾಲದ ರೋಗವಲ್ಲ. ಇವತ್ತು 130 ವರ್ಷ ಹಿಂದಿನ ಪುಣೆಗೆ ಹೋಗೋಣ. ಅಲ್ಲಿ ಬದುಕಿದ್ದ ಮನುಷ್ಯನ ಶವಯಾತ್ರೆಯನ್ನೇ ಮಾಡಿದ್ದರು.

ಆತನ ಹೆಸರು ಗೋಪಾಲ ಗಣೇಶ ಆಗರ್ಕರ್. 'ಕೇಸರಿ' ಪತ್ರಿಕೆಯ ಮೊದಲ ಸಂಪಾದಕ, ಬಾಲಗಂಗಾಧರ ಟಿಳಕರ ಗೆಳೆಯ. ಕೊಲ್ಹಾಪುರದ ದಿವಾನರ ಮಾನಹಾನಿ ಕೇಸಿನಲ್ಲಿ 1882ರಲ್ಲಿ ಇಬ್ಬರೂ ಒಟ್ಟಿಗೆ 101 ದಿನ ಜೈಲಿನಲ್ಲಿದ್ದವರು. ಅಂಥ ಗೆಳೆತನ ಮುರಿದು ಬಿದ್ದಿದ್ದಕ್ಕೆ ಒಂದು ದೊಡ್ಡ ಕಾರಣ ಹೆಣ್ಣಿನ ಪ್ರಶ್ನೆ. ಬಾಲ್ಯವಿವಾಹ ನಿಲ್ಲಬೇಕು, ವಿಧವೆಯರ ತಲೆ ಬೋಳಿಸೋದು ನಿಲ್ಲಬೇಕು ಅಂತ ಆಗರ್ಕರ್ ಹಟ ಹಿಡಿದರು. 1888ರಲ್ಲಿ ತಮ್ಮದೇ 'ಸುಧಾರಕ' ಪತ್ರಿಕೆ ಶುರು ಮಾಡಿದರು. 1891ರಲ್ಲಿ ಬಂದ ಸಮ್ಮತಿ ವಯಸ್ಸಿನ ಕಾಯ್ದೆ ಹೆಣ್ಣುಮಕ್ಕಳ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಹೌದು, ಬರೀ 12ಕ್ಕೆ. ಅಷ್ಟಕ್ಕೇ ಊರು ಹೊತ್ತಿ ಉರಿಯಿತು. ಪರದೇಶಿ ಸರ್ಕಾರ ನಮ್ಮ ಧರ್ಮದಲ್ಲಿ ಕೈ ಹಾಕಬಾರದು ಅಂತ ಟಿಳಕರು ವಿರೋಧಿಸಿದರು. ಆಗರ್ಕರ್ ಕಾಯ್ದೆಯ ಪರ ನಿಂತರು. ಆ ವರ್ಷಗಳಲ್ಲೇ ವಿರೋಧಿಗಳು ಅವರ ಪ್ರತಿಕೃತಿ ಮಾಡಿ, ಚಟ್ಟಕ್ಕೆ ಕಟ್ಟಿ ಬೀದಿಯಲ್ಲಿ ಮೆರವಣಿಗೆ ಮಾಡಿದ್ದು. ಆಸ್ತಮಾದಿಂದ ನರಳುತ್ತಿದ್ದ ಆಗರ್ಕರ್ ನಿಜವಾಗಿ ತೀರಿಕೊಂಡಿದ್ದು 1895ರಲ್ಲಿ, ವಯಸ್ಸು 39 ತುಂಬುವ ಮೊದಲೇ.

ಈ ಒತ್ತಡಕ್ಕೆ ಎಲ್ಲರೂ ಎದೆ ಕೊಡಲಿಲ್ಲ. ಮಹಾದೇವ ಗೋವಿಂದ ರಾನಡೆ ವಿಧವಾ ವಿವಾಹದ ದೊಡ್ಡ ಬೆಂಬಲಿಗರು. 1873ರಲ್ಲಿ ಹೆಂಡತಿ ತೀರಿಕೊಂಡಾಗ ತಂದೆಯ ಮಾತಿಗೆ ಕಟ್ಟುಬಿದ್ದು 11 ವರ್ಷದ ಹುಡುಗಿಯನ್ನ ಮದುವೆಯಾದರು. ಹೊರಗಿನವರ ಬೈಗುಳ ತಡ್ಕೋಬಹುದು, ಮನೆಯವರ ಕಣ್ಣೀರು ತಡ್ಕೊಳೋದು ಕಷ್ಟ.

ಇದಕ್ಕೆ ಉಲ್ಟಾ ನಡೆದವರು ಧೋಂಡೋ ಕೇಶವ ಕರ್ವೆ. ಕೊಂಕಣದ ಮುರುಡ್ ಊರಿನವರು, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1891ರಲ್ಲಿ ಹೆಂಡತಿ ರಾಧಾಬಾಯಿ ತೀರಿಕೊಂಡರು. ವಿಧುರ ಬೇಕಾದರೆ ಹತ್ತು ವರ್ಷದ ಕನ್ಯೆಯನ್ನ ತರಬಹುದು, ವಿಧವೆ ಮಾತ್ರ ಸಾಯುವ ತನಕ ಒಂಟಿ. ಇದು ಯಾವ ನ್ಯಾಯ ಅಂತ ಕರ್ವೆ ಬರೀ ಭಾಷಣ ಮಾಡಲಿಲ್ಲ. 1893ರಲ್ಲಿ ಗೋದುಬಾಯಿ ಅನ್ನೋ ವಿಧವೆಯನ್ನ ಮದುವೆಯಾದರು. ಎಂಟನೇ ವಯಸ್ಸಿಗೇ ಗಂಡನನ್ನ ಕಳ್ಕೊಂಡಿದ್ದ ಗೋದುಬಾಯಿ ಆಗ ಪಂಡಿತಾ ರಮಾಬಾಯಿ ಅವರ ಶಾರದಾ ಸದನದಲ್ಲಿ ಓದುತ್ತಿದ್ದರು.

ಮುರುಡ್ ಬಹಿಷ್ಕಾರ ಹಾಕಿತು. ಬಹಿಷ್ಕಾರ ಅಂದ್ರೆ ಬ್ಲಾಕ್ ಮಾಡೋದಲ್ಲ ನೋಡಿ. ಊಟದ ಪಂಕ್ತಿಯಲ್ಲಿ ಜಾಗ ಇರಲ್ಲ. ಪುರೋಹಿತರು ಮನೆಗೆ ಕಾಲಿಡಲ್ಲ. ನಿಮ್ಮನ್ನ ಸೇರಿಸಿಕೊಂಡ ತಪ್ಪಿಗೆ ಅಣ್ಣನ ಮನೆಗೂ ಅದೇ ಗತಿ. ಹೊರೆ ಹೊತ್ತವರು ಕರ್ವೆ ಒಬ್ಬರೇ ಅಲ್ಲ. ಗೋದುಬಾಯಿ ಮುಂದೆ ತಮ್ಮ ಕಥೆಯನ್ನ 'ಮಾಝೆ ಪುರಾಣ' ಅಂತ ತಾವೇ ಬರೆದರು. ಗಂಡಸರು ಬರೆದ ಸುಧಾರಣೆಯ ಚರಿತ್ರೆಗಿಂತ ನನಗೆ ಅಂಥ ಪುಸ್ತಕಗಳೇ ಮುಖ್ಯ ಅನ್ಸುತ್ತೆ.

ಕರ್ವೆ 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು. ಅದನ್ನ ಆಮೇಲೆ ಪುಣೆಯ ಹೊರಗಿನ ಹಿಂಗಣೆಗೆ ಸಾಗಿಸಬೇಕಾಯ್ತು. ಅಲ್ಲಿಂದ ದಿನಾ ಮೈಲಿಗಟ್ಟಲೆ ನಡೆದು ಕಾಲೇಜಿಗೆ ಬರೋರು. ದಾರಿಯಲ್ಲಿ ಜನ ಬೈಯೋರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ನಿಧಾನವಾಗಿ ಅದೇ ಜನ ಅವರನ್ನ 'ಮಹರ್ಷಿ' ಅಂತ ಕರೆದರು.

ಸಮಾಜ ಬದಲಾಯ್ತು ಅಂತೀರಾ? ಸ್ವಲ್ಪ ಹೌದು. ಆದ್ರೆ ಅವರ ಮಗನ ಕಥೆ ಕೇಳಿ.

ರಘುನಾಥ ಧೋಂಡೋ ಕರ್ವೆ, ರಾಧಾಬಾಯಿಯ ಮಗ, ಹುಟ್ಟಿದ್ದು 1882. ಇವರೂ ಗಣಿತದ ಪ್ರೊಫೆಸರ್, ಬಾಂಬೆಯ ವಿಲ್ಸನ್ ಕಾಲೇಜಿನಲ್ಲಿ. 1921ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಇಂಥದ್ದನ್ನ ತೆರೆದಿದ್ದೂ ಅದೇ ವರ್ಷ. ಮಗು ಬೇಕೋ ಬೇಡವೋ ಅಂತ ತೀರ್ಮಾನಿಸೋಳು ಹೆಣ್ಣು, ಸುಖ ಅನ್ನೋದು ಗಂಡಸಿನ ಸ್ವತ್ತಲ್ಲ, ಇದು ಅವರ ವಾದ. ಮಿಷನರಿ ಕಾಲೇಜು, ಕೆಲಸವೋ ಪ್ರಚಾರವೋ ಒಂದನ್ನ ಬಿಡಿ ಅಂತು. ಕೆಲಸ ಬಿಟ್ಟರು. 1927ರಲ್ಲಿ 'ಸಮಾಜ ಸ್ವಾಸ್ಥ್ಯ' ಅನ್ನೋ ಮರಾಠಿ ಮಾಸಿಕ ಶುರು ಮಾಡಿ ಸಾಯುವ ತನಕ ನಡೆಸಿದರು. ಜೊತೆಗೆ ನಿಂತವರು ಹೆಂಡತಿ ಮಾಲತಿ. ಮಕ್ಕಳು ಬೇಡ ಅನ್ನೋದು ಇಬ್ಬರ ತೀರ್ಮಾನ.

1931ರಲ್ಲಿ ವ್ಯಭಿಚಾರದ ಬಗ್ಗೆ ಬರೆದ ಲೇಖನಕ್ಕೆ ಅಶ್ಲೀಲತೆಯ ಕೇಸು, 100 ರೂಪಾಯಿ ದಂಡ. 1934ರಲ್ಲಿ ಮತ್ತೆ ಕೇಸು. ಈ ಸಲದ ಅಪರಾಧ, ಓದುಗರು ಲೈಂಗಿಕ ಸಮಸ್ಯೆಗಳ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರೆದಿದ್ದು! ಕರ್ವೆ ಪರ ವಾದಿಸಿದ ವಕೀಲರು ಯಾರು ಗೊತ್ತಾ? ಡಾ. ಬಿ.ಆರ್. ಅಂಬೇಡ್ಕರ್. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲ ಆಗಲ್ಲ ಅನ್ನೋದು ಅವರ ವಾದದ ತಿರುಳು. ಸೋತರು. 200 ರೂಪಾಯಿ ದಂಡ ಬಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ಹೇಳಲೇಬೇಕು. 1930ರಲ್ಲಿ, ಅಂದ್ರೆ ಈ ಎರಡು ಕೇಸಿಗೂ ಮೊದಲೇ, ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಬಾಂಬೆಯಲ್ಲಿ ಒಬ್ಬ ಮೇಷ್ಟ್ರ ಕೆಲಸ ಕಿತ್ಕೊಂಡ ವಿಷಯ ಬೆಂಗಳೂರಲ್ಲಿ ಸರ್ಕಾರಿ ಕಾಗದದ ಮೇಲೆ ಬಂದಿತ್ತು.

ಹಾಗಾದ್ರೆ ಅಪ್ಪನನ್ನ ಕ್ಷಮಿಸಿದ ಸಮಾಜ ಮಗನನ್ನ ಯಾಕೆ ಕ್ಷಮಿಸಲಿಲ್ಲ? ನನ್ನ ಲೆಕ್ಕ ಹೀಗಿದೆ. ಅಪ್ಪ ಹೆಣ್ಣನ್ನ ಕಷ್ಟದಿಂದ ಎತ್ತುವ ಮಾತಾಡಿದರು. ಅವರ ವಿಶ್ವವಿದ್ಯಾಲಯದ ಕಲ್ಪನೆಯಲ್ಲೂ ಓದಿದ ಹೆಣ್ಣು ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ ಆಗಬೇಕು ಅನ್ನೋದಿತ್ತು. ಗಂಡಸಿನ ಕುರ್ಚಿ ಅಲ್ಲಾಡಲಿಲ್ಲ. ಮಗ ಕೈ ಹಾಕಿದ್ದು ಆ ಕುರ್ಚಿಗೇ. ಮಲಗುವ ಕೋಣೆಯಲ್ಲೂ ಇಬ್ಬರೂ ಸಮ ಅಂದರು. ಸನಾತನಿಗಳಿರಲಿ, ಕೃತಕ ಸಂತಾನ ನಿಯಂತ್ರಣವನ್ನ ಗಾಂಧೀಜಿಯೂ ಒಪ್ಪಲಿಲ್ಲ.

1952ರಲ್ಲಿ ಭಾರತ ಸರ್ಕಾರವೇ ಕುಟುಂಬ ಯೋಜನೆ ಕಾರ್ಯಕ್ರಮ ಶುರು ಮಾಡಿತು. ರಘುನಾಥ ಮರುವರ್ಷ, 1953ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅಪ್ಪ ಇನ್ನೂ ಬದುಕಿದ್ದರು. 1958ರಲ್ಲಿ, ನೂರು ವರ್ಷ ತುಂಬಿದಾಗ, ಅವರಿಗೆ ಭಾರತ ರತ್ನ ಬಂತು. ಮಗನ ಹೆಸರು ಮರಾಠಿಯ ಆಚೆ ಹೆಚ್ಚು ಜನಕ್ಕೆ ಗೊತ್ತಿಲ್ಲ. 2001ರಲ್ಲಿ ಅಮೋಲ್ ಪಾಲೇಕರ್ 'ಧ್ಯಾಸಪರ್ವ' ಅಂತ ಅವರ ಮೇಲೆ ಸಿನಿಮಾ ಮಾಡಿದ್ದಾರೆ, ಸಿಕ್ಕರೆ ನೋಡಿ.

ಮುಂದಿನ ಸಂಚಿಕೆಯಲ್ಲಿ ತಾರಾಬಾಯಿ ಶಿಂದೆ. ಇದೇ ಮಾತುಗಳನ್ನ ಗಂಡಸಲ್ಲ, ಒಬ್ಬ ಹೆಂಗಸು 1882ರಲ್ಲೇ ಪುಸ್ತಕ ಮಾಡಿದಾಗ ಏನಾಯ್ತು ಅನ್ನೋದನ್ನ ಕೇಳೋಣ.