ಕೂಸು ರಾತ್ರಿ ಪದೇ ಪದೇ ಏಳುತ್ತಾ? ‘ಹಾಲು ಸಾಲ್ತಿಲ್ಲ’ ಅಂತ ಡಬ್ಬಿ ತರುವ ಮುಂಚೆ ಇದನ್ನು ಓದಿ

ದಾವಣಗೆರೆ: ಬಾಣಂತನ ನಡೆಯುವ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ‘ನಿನ್ನ ಹಾಲು ಸಾಲ್ತಿಲ್ಲ, ಅದಕ್ಕೇ ಕೂಸು ಅಳ್ತೈತಿ.’ ಮಾರನೇ ದಿನ ಮೆಡಿಕಲ್ ಶಾಪಿನಿಂದ ಹಾಲಿನ ಪುಡಿ ಡಬ್ಬಿ ಬರುತ್ತದೆ, ಇಲ್ಲವೇ ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಲು ಶುರುವಾಗುತ್ತದೆ. ಕೂಸು ಬಾಟಲಿ ಹಿಡಿದಷ್ಟೂ ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ನಿಜವಾಗಿಯೂ ಇಳಿಯುತ್ತದೆ. ಹೀಗೆ ನಿದ್ದೆಯ ಸಮಸ್ಯೆಯೊಂದು ಎದೆಹಾಲನ್ನೇ ನಿಲ್ಲಿಸಿಬಿಡುತ್ತದೆ.

ಆದರೆ ರಾತ್ರಿ ಏಳುವುದಕ್ಕೂ ಹಾಲು ಕಡಿಮೆ ಇರುವುದಕ್ಕೂ ನೇರ ಸಂಬಂಧವಿಲ್ಲ. ಹಾಲು ಸಾಕಾಗುತ್ತಿದೆಯೇ ಎಂದು ನೋಡಲು ಬೇರೆ ಲೆಕ್ಕವಿದೆ. ಹುಟ್ಟಿ ಒಂದು ವಾರ ಕಳೆದ ಮೇಲೆ ಬರೀ ಎದೆಹಾಲು ಕುಡಿಯುವ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದಾಗಿನ ತೂಕ ಮೊದಲು ಸ್ವಲ್ಪ ಇಳಿದರೂ ಎರಡು ವಾರದೊಳಗೆ ವಾಪಸ್ ಬರಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಅವರಿಂದ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ ಅತ್ತೆ–ಸೊಸೆ ವಾದಕ್ಕೆ ಅಲ್ಲಿಗೇ ತೆರೆ. ತೂಕ ಏರುತ್ತಿದ್ದರೆ ಹಾಲು ಸಾಕು ಅಂತಲೇ ಅರ್ಥ.

ಹಾಗಾದರೆ ಏಳೋದು ಯಾಕೆ?

ನವಜಾತ ಶಿಶು 24 ಗಂಟೆಯಲ್ಲಿ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಹೊಟ್ಟೆ ಪುಟ್ಟದು, ಎದೆಹಾಲು ಬೇಗ ಜೀರ್ಣವಾಗುತ್ತದೆ, ಹೀಗಾಗಿ ಎರಡು–ಮೂರು ಗಂಟೆಗೊಮ್ಮೆ ಹಸಿವಾಗುತ್ತದೆ. ಅದರ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷದ್ದು. ಅದರಲ್ಲಿ ಅರ್ಧದಷ್ಟು ಹಗುರ ನಿದ್ದೆ. ಕೈಕಾಲು ಆಡಿಸುತ್ತದೆ, ಮುಖ ಹಿಂಡುತ್ತದೆ, ಮುಲುಗುತ್ತದೆ. ನೋಡಿದವರು ‘ಎದ್ದಿತು’ ಅಂದುಕೊಂಡು ಎತ್ತಿಕೊಳ್ಳುತ್ತಾರೆ, ಆಗ ಅದು ನಿಜವಾಗಿಯೂ ಏಳುತ್ತದೆ. ಮುಲುಗಿದ ಕೂಡಲೇ ಎತ್ತದೆ ಅರ್ಧ ನಿಮಿಷ, ಒಂದು ನಿಮಿಷ ಕಾದು ನೋಡಬೇಕು. ಎಷ್ಟೋ ಸಲ ಅದೇ ಮತ್ತೆ ನಿದ್ದೆಗೆ ಜಾರುತ್ತದೆ. ಹಗಲಿನ ನಿದ್ದೆ ಮುಕ್ಕಾಲು ಗಂಟೆಗೇ ಮುಗಿಯುವುದಕ್ಕೂ ಇದೇ ಕಾರಣ, ಒಂದು ಸುತ್ತು ಮುಗಿದಿರುತ್ತದೆ ಅಷ್ಟೆ.

ಇನ್ನೊಂದು ವಿಷಯ, ಹಗಲು–ರಾತ್ರಿ ತಿಳಿಸುವ ದೇಹದ ಗಡಿಯಾರ ಹುಟ್ಟುವಾಗ ಸಿದ್ಧವಾಗಿರುವುದಿಲ್ಲ. ಅದು ಕೂಡಿಕೊಳ್ಳುವುದು ಎರಡು–ಮೂರು ತಿಂಗಳ ಹೊತ್ತಿಗೆ. ಸಂಜೆಯ ಅಳುವೂ ಆರು ವಾರದ ಸುಮಾರಿಗೆ ಜೋರಾಗಿ, ಮೂರು–ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ.

ಬಾಣಂತಿ ಕೋಣೆಯ ಕತ್ತಲು

ನಮ್ಮ ಕಡೆಯ ಬಾಣಂತನದಲ್ಲಿ ಒಂದು ಪದ್ಧತಿ ನಿದ್ದೆಗೆ ಉಲ್ಟಾ ಕೆಲಸ ಮಾಡುತ್ತದೆ. ಗಾಳಿ ಸೋಕಬಾರದು ಅಂತ ಹಗಲಿಡೀ ಕಿಟಕಿ ಬಾಗಿಲು ಮುಚ್ಚಿ ಕೋಣೆ ಕತ್ತಲು ಮಾಡಿರುತ್ತಾರೆ. ಸಂಜೆಯಾಗುತ್ತಲೇ ಟ್ಯೂಬ್‌ಲೈಟ್, ಟಿವಿ, ನೋಡಲು ಬಂದ ನೆಂಟರು. ಕೂಸಿನ ಲೆಕ್ಕದಲ್ಲಿ ಹಗಲೇ ರಾತ್ರಿ, ರಾತ್ರಿಯೇ ಹಗಲು. ಇದನ್ನು ತಿರುಗಿಸಿದರೆ ಅರ್ಧ ಕೆಲಸ ಆದಂತೆ. ಬೆಳಿಗ್ಗೆ ಕಿಟಕಿ ತೆರೆದು ಬೆಳಕು ಬರಲಿ, ಹಗಲು ನಿದ್ದೆಯಲ್ಲಿ ಮನೆಯ ಮಾಮೂಲಿ ಸದ್ದು ಇರಲಿ. ರಾತ್ರಿ ಏಳೂವರೆ–ಎಂಟಕ್ಕೆ ದೀಪ ಸಣ್ಣದಾಗಲಿ. ನಡುರಾತ್ರಿ ಹಾಲು ಕುಡಿಸುವಾಗ ಮಾತು, ಆಟ, ಮೊಬೈಲ್ ಬೆಳಕು ಬೇಡ. ಕುಡಿಸಿ, ತೇಗು ಬರಿಸಿ, ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ, ಮಲಗಿಸುವುದಷ್ಟೇ. ತೇಗು ಬರಿಸುವುದು, ಬಟ್ಟೆ ಬದಲಿಸುವುದು ಅಪ್ಪನಿಗೂ ಬರುವ ಕೆಲಸ.

ಎಣ್ಣೆ ಹಚ್ಚಿ ಬಿಸಿನೀರು ಎರೆದ ಮೇಲೆ ಕೂಸು ಸುಖವಾಗಿ ಮೂರ್ನಾಲ್ಕು ಗಂಟೆ ಮಲಗುವುದು ಎಲ್ಲರಿಗೂ ಗೊತ್ತು. ಅದು ಹಗಲಲ್ಲಿ ಬರುವುದರಿಂದ ರಾತ್ರಿಯ ಪಾಲು ಕರಗುತ್ತದೆ. ಹಗಲಲ್ಲಿ ಮೂರು ಗಂಟೆ ದಾಟಿದರೆ ಮೆಲ್ಲಗೆ ಎಬ್ಬಿಸಿ ಹಾಲು ಕೊಡಬಹುದು. ಸಂಜೆ ಹಗುರವಾಗಿ ಮೈ ತಿಕ್ಕಿ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಅದೇ ಹಿತ ಸಿಗುತ್ತದೆ. ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡ. ಲೋಬಾನದ ಹೊಗೆ, ಸೊಳ್ಳೆ ಬತ್ತಿಯ ಹೊಗೆಯೂ ಕೂಸಿನ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಸೊಳ್ಳೆ ಪರದೆ ಸಾಕು.

ಮೂರು ತಿಂಗಳ ನಂತರ

ಈ ಹೊತ್ತಿಗೆ ದಿನಚರಿ ಹಿಡಿಯುತ್ತದೆ. ರಾತ್ರಿ ಒಂದೇ ಸಮಯ, ಒಂದೇ ಕ್ರಮ: ಮೈ ಒರೆಸುವುದು, ಹತ್ತಿ ಬಟ್ಟೆ, ಹಾಲು, ಒಂದು ಜೋಗುಳ, ಹಾಸಿಗೆ. ಎರಡು ವಾರ ಬಿಡದೆ ಮಾಡಬೇಕು, ನಾಲ್ಕು ದಿನಕ್ಕೆ ಕೈಬಿಟ್ಟರೆ ಫಲವಿಲ್ಲ. ಎಚ್ಚರವಿರುವ ಹೊತ್ತನ್ನೂ ಗಮನಿಸಬೇಕು. ನಾಲ್ಕು ತಿಂಗಳ ಕೂಸು ಒಂದೂವರೆ–ಎರಡು ಗಂಟೆಗಿಂತ ಹೆಚ್ಚು ಎಚ್ಚರವಿದ್ದರೆ ದಣಿಯುತ್ತದೆ, ಏಳೆಂಟು ತಿಂಗಳಿಗೆ ಅದು ಎರಡರಿಂದ ಮೂರು ಗಂಟೆಯಾಗುತ್ತದೆ. ಆಕಳಿಕೆ, ಕಣ್ಣು ಉಜ್ಜುವುದು, ಮುಖ ಆಚೆ ತಿರುಗಿಸುವುದು ಕಂಡ ಕೂಡಲೇ ಮಲಗಿಸಬೇಕು. ‘ಹಗಲು ಮಲಗಿಸದಿದ್ರೆ ರಾತ್ರಿ ಚೆನ್ನಾಗಿ ಮಲಗುತ್ತೆ’ ಅನ್ನುವುದು ತಪ್ಪು. ದಣಿದ ಕೂಸು ರಂಪ ಹೆಚ್ಚು ಮಾಡುತ್ತದೆ, ನಿದ್ದೆ ಕಡಿಮೆ ಮಾಡುತ್ತದೆ.

ಎಲ್ಲಕ್ಕಿಂತ ಫಲ ಕೊಡುವ ಅಭ್ಯಾಸ ಒಂದಿದೆ. ಪೂರ್ತಿ ನಿದ್ದೆ ಹತ್ತುವ ಮುಂಚೆ, ಕಣ್ಣು ಎಳೆಯುತ್ತಿರುವಾಗಲೇ ಹಾಸಿಗೆಗೆ ಇಳಿಸುವುದು. ಜೋಲಿ ತೂಗಿಯೇ ಮಲಗಿದ ಕೂಸಿಗೆ ಸುತ್ತು ಮುಗಿದು ಎಚ್ಚರವಾದಾಗ ಮತ್ತೆ ತೂಗೇ ಬೇಕು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದ್ದಕ್ಕೆ ಅಲ್ಲೇ ಮತ್ತೆ ನಿದ್ದೆ ಹಿಡಿಯುವುದು ಸುಲಭ. ಮೊದಲು ಒಂದು ಹೊತ್ತಿನ ನಿದ್ದೆಗೆ ಮಾತ್ರ ಪ್ರಯತ್ನಿಸಿ, ಅತ್ತರೆ ಎದೆಯ ಮೇಲೆ ಕೈಯಿಟ್ಟು ತಟ್ಟಿ. ಕೋಣೆಯಲ್ಲಿ ಒಂಟಿಯಾಗಿ ಅಳಲು ಬಿಡುವ ವಿದೇಶಿ ಪದ್ಧತಿಯ ಬಗ್ಗೆ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆರು ತಿಂಗಳೊಳಗೆ ಅದು ಬೇಡವೇ ಬೇಡ. ಅಳು ಕೇಳಿ ಪಕ್ಕದ ಮನೆಯವರೇ ಬಂದು ಎತ್ತಿಕೊಳ್ಳುವ ಊರಲ್ಲಿ ಅದು ನಡೆಯುವ ಮಾತೂ ಅಲ್ಲ.

ಆರು ತಿಂಗಳ ನಂತರ ಎಷ್ಟೋ ಮಕ್ಕಳು ರಾತ್ರಿ ಐದಾರು ಗಂಟೆ ಒಂದೇ ಸಮ ಮಲಗುತ್ತವೆ. ಕೆಲವು ಒಂದೆರಡು ಸಲ ಹಾಲಿಗೆ ಏಳುತ್ತವೆ. ಎರಡೂ ಸಹಜವೇ. ಅಂಬೆಗಾಲು, ಹಲ್ಲು, ಅಮ್ಮನನ್ನು ಬಿಟ್ಟಿರಲಾರದ ಭಯ ಶುರುವಾದಾಗ ಕೆಲ ದಿನ ಹಳೇ ರಗಳೆ ಮರುಕಳಿಸುತ್ತದೆ. ದಿನಚರಿ ಬಿಡದಿದ್ದರೆ ಸರಿಹೋಗುತ್ತದೆ.

ಅಡ್ಡದಾರಿ ಬೇಡ

ಹೊಟ್ಟೆ ತುಂಬಿ ಮಲಗಲಿ ಅಂತ ಮೂರನೇ ತಿಂಗಳಿಗೇ ರಾಗಿ ಸರಿ ಕೊಡುವವರಿದ್ದಾರೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಏಪ್ರಿಲ್ ಬಿಸಿಲಲ್ಲೂ ನೀರು ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ನೆಕ್ಕಿಸಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಶಿಶುವಿಗೆ ಬೊಟುಲಿಸಂ ತರಬಲ್ಲದು. ಬಜೆ ತೇಯ್ದು ಕೊಡುವುದು, ಬ್ರಾಂದಿ ಹನಿ ಹಾಕುವುದು ನಿದ್ದೆಯಲ್ಲ, ವಿಷ.

ತುಂಬಾ ಅಪಾಯದ್ದು ನಿದ್ದೆಗಾಗಿ ಕುಡಿಸುವ ಶೀತದ ಸಿರಪ್. ಕ್ಲೋರ್‌ಫೆನಿರಮೈನ್–ಫಿನೈಲೆಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೇಳಿದೆ. ಎರಡು ವರ್ಷದೊಳಗಿನವರಿಗೆ ಕೆಮ್ಮು–ಶೀತದ ಔಷಧವೇ ಬೇಡ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿದೆ.

ಮಲಗಿಸುವ ಭಂಗಿಯೂ ಅಷ್ಟೇ ಮುಖ್ಯ. ಬೋರಲು ಹಾಕಿದರೆ ಕೂಸು ಹೆಚ್ಚು ಹೊತ್ತು ಮಲಗುವುದು ನಿಜ. ನಿದ್ದೆಯಲ್ಲೇ ಉಸಿರು ನಿಲ್ಲುವ ಅಪಾಯ ಹೆಚ್ಚುವುದೂ ಆ ಭಂಗಿಯಲ್ಲೇ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಶುರುವಾದ ಮೇಲೆ ಇಂಥ ಹಠಾತ್ ಸಾವು ಅರ್ಧಕ್ಕೂ ಕೆಳಗಿಳಿಯಿತು. ಒಂದು ವರ್ಷದವರೆಗೆ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ. ರಾಗಿ ದಿಂಬು, ಸಾಸಿವೆ ದಿಂಬು, ದಪ್ಪ ಕೌದಿ ಬೇಡ, ಒಳಗೆ ಮಲಗಿಸಿದಾಗ ಕುಲಾವಿ ತೆಗೆಯಬೇಕು. ಜೋಲಿಯಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರಾಟಕ್ಕೆ ಅಡ್ಡಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಇಳಿಸಿ. ಕೂಸು ತಾಯಿಯ ಕೋಣೆಯಲ್ಲೇ, ಪ್ರತ್ಯೇಕ ಹಾಸಿಗೆಯಲ್ಲಿರುವುದು ಒಳ್ಳೆಯದು. ಒಂದೇ ಕೋಣೆಯ ಮನೆಯಲ್ಲಿ ಪಕ್ಕಕ್ಕೇ ಮಲಗಿಸಬೇಕಾದರೆ ಹಾಸಿಗೆ ನೆಲದ ಮೇಲಿರಲಿ, ಇಬ್ಬರ ನಡುವೆ ಬೇಡ. ಕುಡಿದವರು, ಸಿಗರೇಟು–ಬೀಡಿ ಸೇದುವವರು, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡವರು ಪಕ್ಕದಲ್ಲಿ ಮಲಗಲೇಬಾರದು. ತೂಕ ಕಡಿಮೆಯಿರುವ, ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಎಬ್ಬಿಸಿದರೂ ಏಳದ ಮಂಪರು, ಹಾಲು ಬಿಡುವುದು, ಮೈ ತಣ್ಣಗಾಗುವುದು, ಪಿಟ್ಸ್, ಎದೆಗೂಡು ಒಳಸೇದುವುದು, ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಅಂಗೈ ಅಂಗಾಲಿನವರೆಗೆ ಹಳದಿ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಚೆನ್ನಾಗಿ ಮಲಗುತ್ತಿದೆ ಎಂದು ಮನೆಯವರು ಖುಷಿಪಡುವ ಕೂಸು ಕೆಲವೊಮ್ಮೆ ಮಂಪರಿನಲ್ಲಿರುತ್ತದೆ.

ತಾಯಿಯ ಕಡೆಯೂ ಕಣ್ಣಿರಲಿ. ಕೂಸು ಮಲಗಿದಾಗಲೂ ಆಕೆಗೆ ನಿದ್ದೆ ಬರುತ್ತಿಲ್ಲ, ಎರಡು ವಾರ ಕಳೆದರೂ ಅಳು, ಬೇಸರ ನಿಂತಿಲ್ಲ ಎಂದರೆ ಅದನ್ನು ಬಾಣಂತಿಯ ಸುಸ್ತು ಎಂದು ತಳ್ಳಿಹಾಕಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.